ತಿರುವಲ್ಲಿ ಪ್ರಾಣ ಬಿಡುವ ಟ್ರಕ್: ಅಪ್‌ಗ್ರೇಡ್ ಆದ್ಮೇಲೆ ಬಂದ ದೋಷ ಹುಡುಕಿದ ಕತೆ

ಗಾಡಿ ಅಂದ್ರೆ ರಿಮೋಟ್ ಕಂಟ್ರೋಲಲ್ಲಿ ಓಡುವ ಬ್ಯಾಟರಿ ಟ್ರಕ್, ಲಕ್ಷಣ ಇಷ್ಟು. ಐದು ನಿಮಿಷದ ಹೀಟ್, ಅಂದ್ರೆ ರೇಸಿನ ಒಂದು ಪಾಳಿ. ಮೊದಲ ಎರಡು ನಿಮಿಷ ಗಾಡಿ ಸರಾಗ ಓಡ್ತದೆ, ಮೂರನೇ ನಿಮಿಷಕ್ಕೆ ಸ್ಟ್ರೇಟ್ ಮುಗಿದು ಎಡಕ್ಕೆ ಪೂರ್ತಿ ಹೊರಳುವ ಹೇರ್‌ಪಿನ್‌ಗೆ ಬಂದಾಗ ಒಂದು ಸೆಕೆಂಡ್ ಸತ್ತೇ ಹೋಗ್ತದೆ, ಹಿಂದೆ ಬಂದವ ಬಂದು ಗುದ್ದುತ್ತಾನೆ, ಅಷ್ಟರಲ್ಲಿ ತನ್ನಷ್ಟಕ್ಕೆ ಜೀವ ಬಂದು ಮತ್ತೆ ಓಡ್ತದೆ. ಮುಂದಿನ ಲ್ಯಾಪಲ್ಲಿ ಅದೇ ಜಾಗದಲ್ಲಿ ಮತ್ತೆ ಅದೇ. ಮನೆಗೆ ತಂದು ಕಾರವಾರದ ನಮ್ಮ ಟೆರೇಸ್ ಮೇಲೆ ಓಡಿಸಿದ್ರೆ ಎಂತದೂ ಇಲ್ಲ, ಹೊಸ ಮದುಮಗನ ಹಾಗೆ ಓಡಾಡ್ತದೆ.

ಇದಕ್ಕೆ ನಾನು ಖರ್ಚು ಮಾಡಿದ್ದು ಮೂರು ಭಾನುವಾರ, ಒಂದು ಹೊಸ ಬ್ಯಾಟರಿ, ಒಂದು ಹೊಸ ರಿಸೀವರ್ (ಗಾಡಿಯಲ್ಲಿ ಕೂತು ರಿಮೋಟಿನ ಸಿಗ್ನಲ್ ಹಿಡಿಯುವ ಡಬ್ಬಿ). ಎರಡೂ ಬೇಕಾಗಿರ್ಲಿಲ್ಲ. ಬೇಕಾಗಿದ್ದು ಟ್ರಾನ್ಸ್‌ಮಿಟರ್‌ನಲ್ಲಿ, ಅಂದ್ರೆ ಕೈಯಲ್ಲಿ ಹಿಡಿಯುವ ರಿಮೋಟಲ್ಲಿ, ಒಂದು ನಂಬರ್ ಕಮ್ಮಿ ಮಾಡುದು, ಅಷ್ಟೇ. ಅದು ಕಡೆಗೆ ಗೊತ್ತಾಯ್ತು, ಹಾಗಾಗಿ ಬರೀತಾ ಇದ್ದೇನೆ. ನಿಮ್ಮ ಶಾರ್ಟ್ ಕೋರ್ಸ್ ಟ್ರಕ್ಕಿಗೆ (ಮಣ್ಣಿನ ಟ್ರ್ಯಾಕಲ್ಲಿ ಓಡುವ ರೇಸ್ ಟ್ರಕ್ಕಿನ ಸಣ್ಣ ಮಾದರಿ) ಇದೇ ರೋಗ ಇರಬೇಕಂತಿಲ್ಲ, ಆದ್ರೆ ಹುಡುಕುವ ದಾರಿ ಇದೇ.

ಮೊದ್ಲು ನಮ್ಮ ವ್ಯವಸ್ಥೆ ಹೇಳ್ಬಿಡ್ತೇನೆ. ಕ್ಲಬ್ ಅಂದ್ರೆ ದೊಡ್ಡದೆಂತ ಅಲ್ಲ, ಏಳೆಂಟು ಜನ, ಕಾರವಾರ, ಅಂಕೋಲಾ, ಕುಮಟಾದವ್ರು, ಮತ್ತೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುವ ಒಬ್ಬ, ಅವನನ್ನ ನಾವೆಲ್ಲ ಭಾವ ಅಂತಲೇ ಕರೀತೇವೆ, ಯಾರಿಗೂ ಸಂಬಂಧ ಇಲ್ಲ. ಟ್ರ್ಯಾಕ್ ಅಂಕೋಲಾ ಹತ್ರ ಗೆಳೆಯನ ಮಾಮನ ಗದ್ದೆ. ಭತ್ತ ಕೊಯ್ದಾದ ಮೇಲೆ ಡಿಸೆಂಬರಿಂದ ಮಳೆ ಬೀಳುವ ತನಕ ನಮ್ಮದು, ಜೂನ್ ಬಂತು ಅಂದ್ರೆ ಮಾಮನದ್ದು. ಮೇಲೆ ಒಂದು ಪದರ ಚಿರೆಕಲ್ಲಿನ ಕೆಂಪು ಪುಡಿ ಹಾಕಿ ನೀರು ಬಿಟ್ಟು ತುಳಿದು ಗಟ್ಟಿ ಮಾಡಿದ್ದೇವೆ. ಬೆಳಿಗ್ಗೆ ಎಂಟು ಗಂಟೆಗೆ ಇಬ್ಬನಿ ಇದ್ದು ಹಿಡಿತ ರಾಶಿ ಸಿಗ್ತದೆ, ಹನ್ನೊಂದಕ್ಕೆ ಅದೇ ಟ್ರ್ಯಾಕ್ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಜಾರ್ತದೆ. ಇದು ಯಾಕೆ ಮುಖ್ಯ ಅಂತ ಮುಂದೆ ಬರ್ತದೆ.

ಗಾಡಿ ಯಾವ್ದು ಅಂತ ಗೊತ್ತಿರ್ಲಿ

ದೋಷ ಹುಡುಕುವಾಗ ಮೊದ್ಲು ನಿಮ್ಮ ಗಾಡಿಯ ಹುಟ್ಟುಗುಣ ಯಾವ್ದು, ಹೊಸದಾಗಿ ಬಂದ ಕಾಯಿಲೆ ಯಾವ್ದು ಅಂತ ಬೇರೆ ಮಾಡ್ಬೇಕು. ಎಷ್ಟೋ ಜನ ಹುಟ್ಟುಗುಣವನ್ನೇ ದೋಷ ಅಂದ್ಕೊಂಡು ದುಡ್ಡು ಹಾಕ್ತಾರೆ.

1/10 ಅಳತೆಯ ಈ ಕ್ಲಾಸಿಗೆ ಜನ ಸೇರಿಸಿದ್ದು 2008ರಲ್ಲಿ ಬಂದ ಟ್ರ್ಯಾಕ್ಸಸ್ ಸ್ಲ್ಯಾಶ್, ಹಿಂದಿನ ಚಕ್ರಕ್ಕೆ ಮಾತ್ರ ಡ್ರೈವ್. ಅದು ಬಾಷಿಂಗಿಗೆ, ಅಂದ್ರೆ ಕಂಡಕಂಡಲ್ಲಿ ಹಾರಿಸಿ ಗುದ್ದಿಸಿ ಓಡಿಸ್ಲಿಕ್ಕೆ, ಅಂತ ಮಾಡಿದ ಗಾಡಿ, ಚಾಸಿ ಎತ್ತರ, ಬ್ಯಾಟರಿ ಎತ್ತರದಲ್ಲಿ ಕೂತಿರ್ತದೆ, ಹಾಗಾಗಿ ಹಿಡಿತ ಇರುವ ಟ್ರ್ಯಾಕಲ್ಲಿ ಜೋರಾಗಿ ತಿರುಗಿಸಿದ್ರೆ ಮಗುಚ್ತದೆ. ಅದಕ್ಕೇ ತಗ್ಗು ಚಾಸಿ ಬೇರೆ ಬರ್ತದೆ, ರೇಸ್ ಮಾಡುವವ್ರು ಹೆಚ್ಚಾಗಿ ಅದನ್ನ ಹಾಕ್ಕೊಳ್ತಾರೆ. ಅದರ ಮುಂದಿನ ವರ್ಷ ಅಸೋಸಿಯೇಟೆಡ್ ಎಸ್‌ಸಿ10 ಬಂತು, ಅದು ಅವರ ರೇಸ್ ಬಗ್ಗಿ (ಚಕ್ರ ತೆರೆದಿರುವ ಮಣ್ಣಿನ ರೇಸ್ ಕಾರು) ಮತ್ತೆ ಟ್ರಕ್ ಮನೆತನದ್ದು, ಮೊದಲಿಂದಲೂ ಕೂತ ಭಂಗಿ ತಗ್ಗು, ತಿರುವಲ್ಲಿ ಚುರುಕು, ಆದ್ರೆ ಗದ್ದೆಯ ಬದುವಿಗೆ ಹೊಡೆದ್ರೆ ಸ್ಲ್ಯಾಶ್ ನಕ್ಕು ಹೋಗುವ ಕಡೆ ಇದು ತೋಳು ಮುರ್ಕೊಳ್ತದೆ. ನಾಲ್ಕೂ ಚಕ್ರಕ್ಕೆ ಡ್ರೈವ್ ಇರುದು ಅಂದ್ರೆ ಲೋಸಿ ಎಸ್‌ಸಿಟಿಇ, ಟೆಕ್ನೊ ಎಸ್‌ಸಿಟಿ410 ಇಂಥವು, ಮೂರು ಡಿಫರೆನ್ಷಿಯಲ್ (ಡಿಫ್, ತಿರುವಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗ್ಲಿಕ್ಕೆ ಬಿಡುವ ಗೇರು), ದಪ್ಪ ಡ್ರೈವ್‌ಶಾಫ್ಟ್, ಒಂದ್ರೀತಿ 1/8 ಬಗ್ಗಿಯನ್ನೇ ಟ್ರಕ್ ಅಂಗಿ ತೊಡಿಸಿ ಕಳಿಸಿದ ಹಾಗೆ. ಸ್ಲ್ಯಾಶ್ 4x4ನಲ್ಲಿ ಪೆಟ್ಟಿಗೆಯಿಂದ ತೆಗ್ದಾಗ ನಡುವಿನ ಡಿಫ್ ಇಲ್ಲ, ಸ್ಲಿಪ್ಪರ್ (ಹೊರೆ ಜಾಸ್ತಿ ಆದ್ರೆ ಜಾರಿಬಿಡುವ ಕ್ಲಚ್) ಇರ್ತದೆ, ನಡುವಿನ ಡಿಫ್ ಬೇಕಾದ್ರೆ ಬೇರೆ ತಗೊಂಡು ಹಾಕುದು.

ನನ್ನ ಅಭಿಪ್ರಾಯ ಕೇಳಿದ್ರೆ ನಮ್ಮಂಥ ಸಣ್ಣ ಗುಂಪಿಗೆ ಎರಡು ಚಕ್ರದ್ದೇ ಸರಿ. ಎಲ್ರೂ ಒಂದೇ ಕ್ಲಾಸಲ್ಲಿ ಇದ್ರೆ ರೇಸ್ ನಡೀತದೆ, ಮತ್ತೆ ಜಾರುವ ಮಣ್ಣಲ್ಲಿ ಹಿಂದಿನ ಚಕ್ರದ ಗಾಡಿ ಓಡಿಸುದು ಕೈಗೆ ಕಲಿಸುವಷ್ಟು ಬೇರೆ ಎಂತದೂ ಕಲಿಸುದಿಲ್ಲ. ಭಾವ ಇದಕ್ಕೆ ಒಪ್ಪುದಿಲ್ಲ, ಅವನದ್ದು ನಾಲ್ಕು ಚಕ್ರದ್ದು.

ಹುಟ್ಟುಗುಣದ ಉದಾಹರಣೆ: ಜಂಪಲ್ಲಿ ಮೂತಿ ಮೇಲೆ ಎದ್ದು ಹಿಂದೆ ಬೀಳುದು. ಈ ಟ್ರಕ್ಕುಗಳ ಬಾಡಿ ದೊಡ್ಡದು, ಚಕ್ರದ ಮೇಲೆ ಮುಚ್ಚಿಕೊಂಡಿರ್ತದೆ, ಮುಂದಿಂದ ಕೆಳಗೆ ನುಗ್ಗಿದ ಗಾಳಿ ಹಿಂದೆ ಹೋಗ್ಲಿಕ್ಕೆ ದಾರಿ ಇಲ್ದೆ ಒಳಗೇ ತುಂಬಿ ಕೊಡೆ ಉಲ್ಟಾ ಹಿಡಿದ ಹಾಗೆ ಎತ್ತುತ್ತದೆ. ಶಾಕ್ ಬದಲಾಯಿಸಿ ಉಪಯೋಗ ಇಲ್ಲ. ಬಾಡಿಯ ಹಿಂಬದಿ, ಹಿಂದಿನ ಕಿಟಕಿ, ಬಾಗಿಲ ಹಿಂದಿನ ಜಾಗ ಕತ್ತರಿಸಿ ಗಾಳಿಗೆ ದಾರಿ ಮಾಡಿ, ಗಾಳಿಯಲ್ಲಿ ಇದ್ದಾಗ ಬ್ರೇಕ್ ಒತ್ತಿದ್ರೆ ಮೂತಿ ಇಳೀತದೆ, ಥ್ರಾಟಲ್ ಕೊಟ್ರೆ ಏಳ್ತದೆ, ಇದನ್ನ ಬೆರಳಿಗೆ ರೂಢಿ ಮಾಡಿ. ಖರ್ಚು ಒಂದು ಕತ್ತರಿ.

ಎಲ್ಲ ಸತ್ತದ್ದಾ, ಬರೀ ಮೋಟರ್ ಸತ್ತದ್ದಾ

ಈಗ ನನ್ನ ರೋಗಕ್ಕೆ ಬರುವ. ಗಾಡಿ ಮಧ್ಯ ನಿಲ್ತದೆ ಅಂದಾಗ ಕೇಳ್ಬೇಕಾದ ಒಂದೇ ಪ್ರಶ್ನೆ: ನಿಂತಾಗ ಸ್ಟೇರಿಂಗ್ ಕೆಲಸ ಮಾಡ್ತಾ ಇತ್ತಾ?

ಇದನ್ನ ಓಡಿಸುವವನಿಗೆ ನೋಡ್ಲಿಕ್ಕೆ ಆಗುದಿಲ್ಲ, ಐವತ್ತು ಅಡಿ ದೂರದಿಂದ ಧೂಳಲ್ಲಿ ಮುಂದಿನ ಚಕ್ರ ಕಾಣುದೂ ಇಲ್ಲ. ಒಬ್ರನ್ನ ಆ ತಿರುವಲ್ಲೇ ನಿಲ್ಲಿಸಿ, ಗಾಡಿ ಸತ್ತ ಕೂಡ್ಲೆ ನೀವು ಸ್ಟೇರಿಂಗನ್ನ ಎಡ ಬಲ ಅಲ್ಲಾಡಿಸಿ, ಅವ್ರು ಚಕ್ರ ಅಲ್ಲಾಡ್ತದಾ ಅಂತ ನೋಡ್ಲಿ. ನಾವು ಈ ಕೆಲಸ ಮಾಡಿದ್ದು ಮೂರನೇ ಭಾನುವಾರ. ಮೊದಲ ಭಾನುವಾರವೇ ಮಾಡಿದ್ರೆ ಬ್ಯಾಟರಿಯ ದುಡ್ಡು ಉಳೀತಿತ್ತು. ಆಗ ಎಲ್ರೂ ಒಂದೊಂದು ಹೇಳ್ತಾ ಇದ್ರು, ಭಾವ ಬಂದು ಬಗ್ಗಿ ನೋಡಿ "ಬ್ಯಾಟ್ರಿ ಹೋತು ಕಾಣ್ತು ಮಾರಾಯ" ಅಂದ, ನಾನು ಅದನ್ನೇ ವೇದವಾಕ್ಯ ಅಂತ ತಗೊಂಡು ಆರ್ಡರ್ ಹಾಕಿದೆ. ಒಂದು ಲೆಕ್ಕ ಮಾಡಿದ್ರೆ ಸಾಕಿತ್ತು: 5000 ಎಂಎಎಚ್ ಪ್ಯಾಕ್, ಸರಾಸರಿ 20 ಆಂಪ್ ಎಳೀತದೆ ಅಂತ ಹಿಡಿದ್ರೂ ಐದು ನಿಮಿಷಕ್ಕೆ ಖರ್ಚಾಗುದು ಸುಮಾರು 1700 ಎಂಎಎಚ್, ಮೂರನೇ ನಿಮಿಷಕ್ಕೆ ಖಾಲಿ ಆಗ್ಲಿಕ್ಕೆ ಪ್ಯಾಕಿಗೆ ಕಾರಣವೇ ಇಲ್ಲ.

ಹಾಗಂತ ಬ್ಯಾಟರಿ ಎಂದೂ ತಪ್ಪಲ್ಲ ಅಂತಲ್ಲ. ಸ್ಟೇರಿಂಗ್ ಜೀವ ಇದೆ, ಬರೀ ಥ್ರಾಟಲ್ ಇಲ್ಲ ಅಂದ್ರೆ ದಾರಿ ಈ ಕಡೆ:

ಹಳೇ ಲಿಪೊ (ಲಿಥಿಯಂ ಪಾಲಿಮರ್ ಬ್ಯಾಟರಿ) ಪ್ಯಾಕ್ ನಿಂತಲ್ಲಿ 7.8 ವೋಲ್ಟ್ ತೋರಿಸಿ ಥ್ರಾಟಲ್ ಪೂರ್ತಿ ಒತ್ತಿದಾಗ ಧೊಪ್ ಅಂತ ಕುಸೀತದೆ, ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಡಬ್ಬಿ) ಒಂದು ಸೆಲ್ಲಿಗೆ 3.2 ವೋಲ್ಟ್ ಅಂದ್ರೆ 2ಎಸ್‌ಗೆ (ಎರಡು ಸೆಲ್ಲಿನ ಪ್ಯಾಕಿಗೆ) 6.4ರ ಹತ್ರ ಕಟ್ ಮಾಡ್ತದೆ. ಇದು ತಿರುವಲ್ಲಿ ಆಗುದಿಲ್ಲ, ತಿರುವಿಂದ ಹೊರಗೆ ಬರುವಾಗ ಜೋರು ಒತ್ತಿದಲ್ಲಿ ಆಗ್ತದೆ. ಜಾಗ ನೋಡಿ, ಜಾಗವೇ ಅರ್ಧ ಉತ್ತರ ಹೇಳ್ತದೆ. ಇನ್ನು ಬಿಸಿಯಿಂದ ಇಎಸ್‌ಸಿ ಕಟ್ ಆದ್ರೆ ಒಂದು ಸೆಕೆಂಡಲ್ಲಿ ವಾಪಸ್ ಬರುದಿಲ್ಲ, ತಣ್ಣಗಾಗ್ಲಿಕ್ಕೆ ನಿಮಿಷಗಟ್ಟಲೆ ಬೇಕು. ಮೋಟರ್ ಜೋರು ಕೂಗ್ತದೆ ಗಾಡಿ ಮಾತ್ರ ಹೋಗುದಿಲ್ಲ ಅಂದ್ರೆ ಎಲೆಕ್ಟ್ರಾನಿಕ್ಸ್ ಮುಟ್ಟಲೇಬೇಡಿ, ಪಿನಿಯನ್ನಿನ (ಮೋಟರ್ ಶಾಫ್ಟಿನ ಸಣ್ಣ ಗೇರಿನ) ಗ್ರಬ್ ಸ್ಕ್ರೂ ಸಡಿಲ ಆಗಿದೆ ಇಲ್ಲಾ ಸ್ಲಿಪ್ಪರ್ ಸಡಿಲ ಇದೆ. ಗ್ರಬ್ ಸ್ಕ್ರೂ ಮೋಟರ್ ಶಾಫ್ಟಿನ ಚಪ್ಪಟೆ ಭಾಗದ ಮೇಲೇ ಕೂತಿದ್ಯಾ ನೋಡಿ, ಒಂದು ಹನಿ ಥ್ರೆಡ್‌ಲಾಕ್ ಹಾಕಿ. ಸೆನ್ಸರ್ ಇರುವ ಬ್ರಶ್‌ಲೆಸ್ ಮೋಟರ್ ಆದ್ರೆ ಆ ಸಣ್ಣ ಸೆನ್ಸರ್ ವೈರಿನ ಕನೆಕ್ಟರ್ ಒಂದು ಕೂದಲೆಳೆ ಹೊರಗೆ ಬಂದ್ರೂ ಹೊರಡುವಾಗ ನಡುಗ್ತದೆ.

ಎಲ್ಲಕ್ಕಿಂತ ನಗು ಬರುವ ಪ್ರಕರಣ ಒಂದುಂಟು. ಗಾಡಿ ಎಲ್ಲಾ ಸರಿ ಇದ್ದು ಅರ್ಧ ಸ್ಪೀಡಲ್ಲಿ ಮಾತ್ರ ಓಡ್ತದೆ. ಸ್ಲ್ಯಾಶಿನ ಬ್ರಶ್ಡ್ ಮಾಡೆಲಲ್ಲಿ ಬರುವ ಎಕ್ಸ್‌ಎಲ್-5 ಇಎಸ್‌ಸಿಯಲ್ಲಿ ಮೂರು ಪ್ರೊಫೈಲ್ ಇದೆ, ಬಟನ್ ಒತ್ತಿ ಹಿಡ್ಕೊಂಡಾಗ ಕೆಂಪು ಲೈಟ್ ಒಂದು ಸಲ, ಆಮೇಲೆ ಎರಡು ಸಲ, ಆಮೇಲೆ ಮೂರು ಸಲ ಮಿನುಗ್ತದೆ, ಮೂರು ಮಿನುಗಿಗೆ ಕೈ ಬಿಟ್ರೆ ಅದು ಟ್ರೇನಿಂಗ್ ಮೋಡ್, ಥ್ರಾಟಲ್ ಅರ್ಧಕ್ಕೆ ಇಳಿಸಿಬಿಡ್ತದೆ, ಮಕ್ಕಳು ಓಡಿಸ್ಲಿ ಅಂತ ಮಾಡಿದ್ದು. ಎರಡು ಮಿನುಗಿಗೆ ಬಿಟ್ರೆ ರೇಸ್ ಮೋಡ್, ಅದ್ರಲ್ಲಿ ರಿವರ್ಸ್ ಇಲ್ಲ. ನಮ್ಮಲ್ಲಿ ಒಬ್ಬ ಗಾಡಿ ಸೋತಿದೆ ಅಂತ ಹೊಸ ಮೋಟರ್ ಬುಕ್ ಮಾಡುವುದರಲ್ಲಿದ್ದ, ಅವನ ತಂಗಿ ಬಟನ್ ಒತ್ತಿ ಆಟ ಆಡಿದ್ಲು ಅಷ್ಟೇ.

ನನ್ನ ಕತೆ: ಎಲ್ಲವೂ ಸತ್ತದ್ದು

ತಿರುವಲ್ಲಿ ನಿಂತವ ಕೂಗಿ ಹೇಳಿದ, ಚಕ್ರ ಎಡಕ್ಕೆ ಹೊರಳಿದಲ್ಲೇ ನಿಂತಿದೆ, ಅಲ್ಲಾಡ್ಲಿಲ್ಲ ಅಂತ. ಸ್ಟೇರಿಂಗೂ ಇಲ್ಲ ಥ್ರಾಟಲ್ಲೂ ಇಲ್ಲ ಅಂದ್ರೆ ಉಳಿದದ್ದು ಎರಡೇ: ಸಿಗ್ನಲ್ ಬರ್ತಾ ಇಲ್ಲ, ಇಲ್ಲಾ ರಿಸೀವರ್‌ಗೆ ಕರೆಂಟ್ ಬರ್ತಾ ಇಲ್ಲ.

ನಾನು ಆಗ ಸಿಗ್ನಲ್ ಅಂತಲೇ ನಂಬಿದ್ದೆ. ಕಾರವಾರದಲ್ಲಿ ಬೆಳೆದವ್ರಿಗೆ ಒಂದು ಚಟ, ಎಂತ ಕೆಟ್ರೂ "ನೇವಿಯವ್ರ ರಡಾರಿಂದ" ಅನ್ನುದು, ಟಿವಿ ಸರಿ ಬರದಿದ್ರೂ ಅದೇ, ಮೊಬೈಲ್ ನೆಟ್‌ವರ್ಕ್ ಹೋದ್ರೂ ಅದೇ. ಆದ್ರೆ ಟ್ರ್ಯಾಕ್ ಇರುದು ಅಂಕೋಲಾದಲ್ಲಿ, ಮತ್ತೆ ಗಾಡಿ ನನ್ನಿಂದ ಅತಿ ದೂರ ಹೋಗುದು ಎದುರಿನ ಬದು ಹತ್ರ, ಅಲ್ಲಿ ಒಂದ್ಸಲವೂ ನಿಂತಿಲ್ಲ. ಹೇರ್‌ಪಿನ್ ಇರುದು ನನ್ನ ಕಾಲಬುಡದಲ್ಲಿ. ಹತ್ರದಲ್ಲಿ ಸತ್ತು ದೂರದಲ್ಲಿ ಬದುಕುವ ಸಿಗ್ನಲ್ ಎಲ್ಲಿದೆ? ಹಾಗಿದ್ರೂ ರಿಸೀವರ್ ತರಿಸಿದೆ, ಹಾಕಿದೆ, ಅದೇ ತಿರುವು, ಅದೇ ಸಾವು.

ಅಂದ್ರೆ ಕರೆಂಟ್. ಇದು ಅರ್ಥ ಆಗ್ಬೇಕಾದ್ರೆ ಬಿಇಸಿ ಎಂತದು ಅಂತ ಗೊತ್ತಿರ್ಬೇಕು. ಇಎಸ್‌ಸಿ ಒಳಗೇ ಒಂದು ಸಣ್ಣ ಸರ್ಕ್ಯೂಟ್ ಉಂಟು, ಬ್ಯಾಟರಿಯ ವೋಲ್ಟೇಜ್ ಇಳಿಸಿ ರಿಸೀವರ್‌ಗೂ ಸರ್ವೋಗೂ (ಚಕ್ರವನ್ನ ಎಡ ಬಲ ತಿರುಗಿಸುವ ಸಣ್ಣ ಮೋಟರಿಗೂ) ಊಟ ಹಾಕುದು ಅದೇ. ನನ್ನದ್ರ ಮೇಲೆ ಬರೆದದ್ದು 6 ವೋಲ್ಟ್ 2 ಆಂಪ್. ಗಾಡಿ ಜೊತೆ ಬಂದ ಪ್ಲಾಸ್ಟಿಕ್ ಗೇರಿನ ಸರ್ವೋಗೆ ಅದು ಧಾರಾಳ. ಆದ್ರೆ ನಾನು ಹಾಕಿದ್ದು 20 ಕೆಜಿ ಅಂತ ಬಲ ಬರೆದಿರುವ ಮೆಟಲ್ ಗೇರ್ ಸರ್ವೋ, ಅದು ಪೂರ್ತಿ ಸಿಕ್ಕಿಹಾಕ್ಕೊಂಡು ಒದ್ದಾಡುವಾಗ ಒಂದೇ 3 ಆಂಪ್ ಮೇಲೆ ಎಳೀತದೆ. ರಿಸೀವರ್‌ಗೆ ಹೋಗುವ ವೋಲ್ಟೇಜ್ ಮೂರೂವರೆ ವೋಲ್ಟಿನ ಆಸುಪಾಸಿಗೆ ಇಳಿದ್ರೆ ಅದು ಆಫ್ ಆಗಿ ಮತ್ತೆ ಆನ್ ಆಗ್ತದೆ, ಆ ಹೊತ್ತು ಗಾಡಿ ಯಾರ ಮಾತೂ ಕೇಳುದಿಲ್ಲ. ಒಂದು ಸೆಕೆಂಡಿನ ಸಾವು ಅಂದ್ರೆ ಇದೇ.

ಮೂರನೇ ನಿಮಿಷವೇ ಯಾಕೆ ಅಂತ ಭಾವ ಕೇಳಿದ, ಒಳ್ಳೇ ಪ್ರಶ್ನೆ. ಈ ತರದ ಸಾದಾ ಬಿಇಸಿಗಳು ಹೆಚ್ಚಿನ ವೋಲ್ಟೇಜನ್ನ ಬಿಸಿ ಮಾಡಿ ಹೊರಗೆ ಹಾಕ್ತಾವೆ. ಪೂರ್ತಿ ಚಾರ್ಜ್ ಆದ 2ಎಸ್ ಅಂದ್ರೆ 8.4 ವೋಲ್ಟ್, ಬೇಕಾದ್ದು 6, ಉಳಿದ 2.4 ವೋಲ್ಟ್ ಗುಣಿಸು 2 ಆಂಪ್, ಹತ್ತಿರ ಹತ್ತಿರ 5 ವಾಟ್ ಬಿಸಿ, ಹೆಬ್ಬೆರಳಿನಷ್ಟು ಜಾಗದಲ್ಲಿ, ಮುಚ್ಚಿದ ಬಾಡಿ ಕೆಳಗೆ, ಏಪ್ರಿಲ್ ತಿಂಗಳ ಅಂಕೋಲಾದ ಗದ್ದೆಯಲ್ಲಿ. ಎರಡು ನಿಮಿಷ ತಡ್ಕೊಳ್ತದೆ, ಮೂರನೇದಕ್ಕೆ ಕೈ ಎತ್ತುತ್ತದೆ. 3ಎಸ್ ಹಾಕಿದ್ರೆ ಇದೇ ಲೆಕ್ಕ 13 ವಾಟಿಗೆ ಹೋಗ್ತದೆ, ಹಾಗಾಗಿ 2ಎಸ್‌ನಲ್ಲಿ ಸರಿ ಇದ್ದು 3ಎಸ್‌ನಲ್ಲಿ ಕೈ ಕೊಡುವ ಗಾಡಿಗೆ ಮೊದಲ ಸಂಶಯ ಇಲ್ಲೇ ಇಡಿ.

ಪೆನ್‌ಸೆಲ್ ಪರೀಕ್ಷೆ

ಮಲ್ಟಿಮೀಟರ್ ಹಿಡಿದು ರಿಸೀವರಿನ ಖಾಲಿ ಚಾನೆಲ್ಲಲ್ಲಿ ನೋಡಿದೆ, ಸ್ಟೇರಿಂಗ್ ತಿರುಗಿಸಿದಾಗ 5.9 ಇದ್ದದ್ದು 5.2ಕ್ಕೆ ಇಳಿದು ಏರಿತು. ಮನೆ ಮೀಟರ್ ನಿಧಾನದ್ದು, ಕಣ್ಣು ಮಿಟುಕಿಸುವುದ್ರೊಳಗಿನ ಕುಸಿತ ಅದು ತೋರಿಸುದಿಲ್ಲ, ಹಾಗಾಗಿ 5.2 ಕಂಡ್ರೆ ನಿಜವಾಗಿ ಅದಕ್ಕಿಂತ ಕೆಳಗೆ ಹೋಗಿದೆ ಅಂತಲೇ ತಿಳ್ಕೊಳ್ಳಿ. ಇದು ಅನುಮಾನಕ್ಕೆ ಸಾಕು, ಸಾಕ್ಷಿಗೆ ಸಾಲುದಿಲ್ಲ.

ಸಾಕ್ಷಿಗೆ ಬೇಕಾದ್ದು ನಾಲ್ಕು ಪೆನ್‌ಸೆಲ್ ಹಾಕುವ ಪ್ಲಾಸ್ಟಿಕ್ ಡಬ್ಬಿ, ಹಳೇ ಆಟಿಗೆ ಸಾಮಾನಲ್ಲಿ ಸಿಗ್ತದೆ. ಇಎಸ್‌ಸಿಯಿಂದ ರಿಸೀವರ್‌ಗೆ ಬರುವ ಮೂರು ವೈರಲ್ಲಿ ನಡುವಿನ ಕೆಂಪು ವೈರಿನ ಪಿನ್ ಪ್ಲಗ್ಗಿಂದ ಹೊರಗೆ ಎಳೆದು ಟೇಪ್ ಸುತ್ತಿ, ಇದನ್ನ ಮರೀಬೇಡಿ, ಎರಡು ಕಡೆಯಿಂದ ಕರೆಂಟ್ ಕೊಟ್ರೆ ಒಂದಕ್ಕೊಂದು ಜಗಳ ಆಡ್ತಾವೆ. ಆಮೇಲೆ ಪೆನ್‌ಸೆಲ್ ಡಬ್ಬಿಯನ್ನ ರಿಸೀವರಿನ ಬ್ಯಾಟರಿ ಜಾಗಕ್ಕೆ ಚುಚ್ಚಿ. ಚಾರ್ಜ್ ಆಗುವ ನಿಕಲ್ ಸೆಲ್ ಆದ್ರೆ ಒಳ್ಳೇದು, ನಾಲ್ಕಕ್ಕೆ 4.8 ವೋಲ್ಟ್, ಜೋರು ಎಳೆದ್ರೂ ಕುಸಿಯುದು ಕಮ್ಮಿ. ಗೋಡೆ ಗಡಿಯಾರದ ಅಗ್ಗದ ಸೆಲ್ ಹಾಕಿದ್ರೆ ಅದೇ ಮೊದ್ಲು ಸಾಯ್ತದೆ, ಪರೀಕ್ಷೆಯೇ ಸುಳ್ಳಾಗ್ತದೆ. ಡಬ್ಬಿಯನ್ನ ಚಾಸಿಗೆ ಟೇಪ್ ಹೊಡೆದು ಪೂರ್ತಿ ಐದು ನಿಮಿಷ ಓಡಿಸಿ.

ನನ್ನ ಗಾಡಿ ಒಂದ್ಸಲವೂ ಸಾಯ್ಲಿಲ್ಲ. ಎರಡನೇ ಹೀಟ್, ಇಲ್ಲ. ಕೆಂಪು ವೈರ್ ವಾಪಸ್ ಹಾಕಿ ಮೂರನೇದು, ಎರಡು ನಿಮಿಷ ಐವತ್ತು ಸೆಕೆಂಡಿಗೆ ಅದೇ ಹೇರ್‌ಪಿನ್‌ನಲ್ಲಿ ಢಮಾರ್. ನಂಗೆ ಅವತ್ತು ಗೆದ್ದಷ್ಟು ಖುಷಿ ಆಯ್ತು, ಗಾಡಿ ಸತ್ತದ್ದಕ್ಕೆ ಕುಣಿದವ ನಾನೊಬ್ಬನೇ ಇರ್ಬೇಕು.

ಇಲ್ಲಿಗೆ ನಿಲ್ಲಿಸಿ ಹೊರಗಿನ ಬಿಇಸಿ ಒಂದು ತರಿಸಿದ್ರೆ ಗಾಡಿ ಓಡ್ತಿತ್ತು, ನಿಜ. ಆದ್ರೆ ಒಂದು ಪ್ರಶ್ನೆ ಉಳೀತು. ನಮ್ಮಲ್ಲಿ ಇನ್ನೊಬ್ಬನ ಹತ್ರ ಇದೇ ಸರ್ವೋ ಇದೆ, ಇದೇ ಇಎಸ್‌ಸಿ ಇದೆ, ಅವನದ್ದು ಸಾಯುದಿಲ್ಲ. ಯಾಕೆ?

ರಾತ್ರಿ ಹನ್ನೊಂದರ ಗುಂಯ್ ಶಬ್ದ

ಅವತ್ತು ರಾತ್ರಿ ಮನೆಯವ್ರೆಲ್ಲ ಮಲಗಿದ ಮೇಲೆ ಗಾಡಿಯನ್ನ ಡಬ್ಬದ ಮೇಲೆ ಇಟ್ಟು ಆನ್ ಮಾಡಿ ಸ್ಟೇರಿಂಗ್ ಎಡಕ್ಕೆ ಪೂರ್ತಿ ತಿರುಗಿಸಿ ಹಿಡಿದೆ. ಗುಂಯ್ ಅಂತ ಶಬ್ದ, ಸೊಳ್ಳೆ ಕಿವಿ ಹತ್ರ ಬಂದ ಹಾಗೆ. ಬಲಕ್ಕೆ ಹಿಡಿದೆ, ಸಣ್ಣ ಶಬ್ದ. ನೆಟ್ಟಗೆ ಇಟ್ಟೆ, ಶಬ್ದ ಇಲ್ಲ. ಟ್ರ್ಯಾಕ್ ಬದಿಯಲ್ಲಿ ಏಳು ಗಾಡಿಯ ಗಲಾಟೆಯಲ್ಲಿ ಇದು ಕೇಳುವ ಮಾತೇ ಇಲ್ಲ, ಟೆರೇಸ್ ಮೇಲೆ ಓಡಿಸುವಾಗ ಪೂರ್ತಿ ಲಾಕ್ ಹಿಡಿದು ಯಾರು ತಿರುಗಿಸ್ತಾರೆ.

ಆ ಗುಂಯ್ ಅಂದ್ರೆ ಸರ್ವೋ ಇನ್ನೂ ತಿರುಗ್ಲಿಕ್ಕೆ ನೋಡ್ತಾ ಇದೆ, ಚಕ್ರ ಮಾತ್ರ ಇನ್ನು ಮುಂದೆ ಹೋಗ್ಲಿಕ್ಕೆ ಜಾಗ ಇಲ್ಲ, ಗೋಡೆಗೆ ಹೆಗಲು ಕೊಟ್ಟು ದೂಡ್ತಾ ನಿಂತ ಹಾಗೆ. ಕಾರಣ ಹುಡುಕಿದ್ರೆ ಅದೂ ನನ್ನದೇ ಅಪ್‌ಗ್ರೇಡ್. ಸರ್ವೋ ಹಾಕಿದ ವಾರವೇ ಮುಂದಿನ ಪ್ಲಾಸ್ಟಿಕ್ ಕ್ಯಾಸ್ಟರ್ ಬ್ಲಾಕ್ (ಚಕ್ರದ ಭಾಗವನ್ನ ತೋಳಿಗೆ ಹಿಡಿಯುವ ತುಂಡು) ತೆಗ್ದು ಅಲ್ಯೂಮಿನಿಯಂ ಹಾಕಿದ್ದೆ, ಕೆಂಪು ಬಣ್ಣ, ಚೆಂದ ಕಾಣ್ತಿತ್ತು. ಅದ್ರಲ್ಲಿ ಎಡಗಡೆ ತಿರುಗುವ ಜಾಗ ಪ್ಲಾಸ್ಟಿಕಿನದ್ದಕ್ಕಿಂತ ಒಂಚೂರು ಬೇಗ ಮುಗೀತದೆ. ಹಳೇ ಪ್ಲಾಸ್ಟಿಕ್ ಬಗ್ಗಿ ಸಹಿಸ್ಕೊಳ್ತಿತ್ತು, ಇದು ಬಗ್ಗುದಿಲ್ಲ. ಮತ್ತೆ ಟ್ರಾನ್ಸ್‌ಮಿಟರಲ್ಲಿ ಸ್ಟೇರಿಂಗ್ ಇಪಿಎ, ಅಂದ್ರೆ ಸರ್ವೋ ಎರಡೂ ಕಡೆ ಎಷ್ಟು ದೂರ ಹೋಗ್ಬೇಕು ಅನ್ನುವ ಮಿತಿ, ಹಳೇ ಸರ್ವೋ ಕಾಲದಲ್ಲಿ 120ಕ್ಕೆ ಇಟ್ಟದ್ದು ಹಾಗೇ ಇತ್ತು. ಇನ್ನೊಬ್ಬನ ಗಾಡಿಯಲ್ಲಿ ಬ್ಲಾಕ್ ಪ್ಲಾಸ್ಟಿಕಿನದ್ದು.

ಮಾಡ್ಬೇಕಾದ್ದು ಇಷ್ಟು. ಚಕ್ರ ನೆಲಕ್ಕೆ ತಾಗದ ಹಾಗೆ ಗಾಡಿ ಇಟ್ಟು, ಸರ್ವೋ ನಡುವಲ್ಲಿ ಇದ್ದಾಗ ಹಾರ್ನ್ (ಸರ್ವೋ ಶಾಫ್ಟಿನ ಮೇಲೆ ಕೂರುವ ಸಣ್ಣ ತೋಳು) ನೆಟ್ಟಗೆ ಇದ್ಯಾ ನೋಡಿ, ಇಲ್ದಿದ್ರೆ ಹಾರ್ನ್ ತೆಗ್ದು ಒಂದು ಹಲ್ಲು ಆಚೀಚೆ ಕೂರಿಸಿ, ರಿಮೋಟಿನ ಟ್ರಿಮ್ಮಲ್ಲಿ (ನಡು ಹೊಂದಿಸುವ ಗುಂಡಿಯಲ್ಲಿ) ಸರಿ ಮಾಡ್ಲಿಕ್ಕೆ ಹೋಗ್ಬೇಡಿ. ಆಮೇಲೆ ಎಡ ಪೂರ್ತಿ ಹಿಡಿದು ಇಪಿಎ ಒಂದೊಂದೇ ಇಳಿಸ್ತಾ ಬನ್ನಿ, ಶಬ್ದ ನಿಂತಲ್ಲಿ ಇನ್ನೆರಡು ಇಳಿಸಿ. ಬಲಕ್ಕೂ ಬೇರೆಯಾಗಿ ಹಾಗೇ. ಎರಡೂ ಕಡೆ ಒಂದೇ ನಂಬರ್ ಬರ್ಬೇಕು ಅಂತ ಇಲ್ಲ. ಕಡೆಗೆ ಸಸ್ಪೆನ್ಷನ್ ಪೂರ್ತಿ ಒತ್ತಿ ಹಿಡಿದೂ ಒಂದ್ಸಲ ತಿರುಗಿಸಿ ನೋಡಿ, ಜಂಪಿಂದ ಬಿದ್ದಾಗ ಕೊಂಡಿಗಳ ಕೋನ ಬದಲಾಗ್ತದೆ, ಆಗ ಬೇರೆ ಕಡೆ ತಾಗುದು ಉಂಟು. ಸರ್ವೋ ಸೇವರ್ ಸ್ಪ್ರಿಂಗೂ ನೋಡಿ, ರಾಶಿ ಬಿಗಿ ಮಾಡಿದ್ರೆ ಗುದ್ದಿದ ಪೆಟ್ಟೆಲ್ಲ ಸೀದ ಸರ್ವೋ ಗೇರಿಗೆ.

ಇದಾದ ಮೇಲೆ ಬಿಇಸಿ ಅದೇ ಹಳೇದು, ಪೆನ್‌ಸೆಲ್ ಇಲ್ಲ, ಐದು ನಿಮಿಷ ಪೂರ್ತಿ ಓಡಿತು. ಹೊರಗಿನ ಬಿಇಸಿ ಆಮೇಲೂ ಹಾಕಿದೆ, 20 ಕೆಜಿ ಸರ್ವೋಗೆ 2 ಆಂಪ್ ಊಟ ಅಂದ್ರೆ ಯಾವತ್ತಿದ್ರೂ ಅರೆಹೊಟ್ಟೆ, ಅದು ಒಪ್ತೇನೆ. ರಿಸೀವರ್‌ಗೆ ಚುಚ್ಚುವ ಕೆಪಾಸಿಟರ್ ಅಂತ ಒಂದು ಸಿಗ್ತದೆ, ಅದು ಕ್ಷಣದ ಕುಸಿತ ತುಂಬಿಸ್ತದೆ, ಸರ್ವೋ ಒಂದೇ ಸಮ ಸಿಕ್ಕಿಹಾಕ್ಕೊಂಡಿದ್ರೆ ಅದ್ರಿಂದ ಉಪಯೋಗ ಇಲ್ಲ. ಮೊದ್ಲು ಕೆಪಾಸಿಟರ್ ಹಾಕಿದ್ರೆ ನನ್ನ ಗಾಡಿ ಮೂರರ ಬದ್ಲು ನಾಲ್ಕನೇ ನಿಮಿಷಕ್ಕೆ ಸಾಯ್ತಿತ್ತೋ ಎಂತೋ, ನಾನು ಇನ್ನೂ ಕತ್ತಲೆಯಲ್ಲಿ ಇರ್ತಿದ್ದೆ.

ಉಪ್ಪುಗಾಳಿಯ ಪಾಲು

ಕನೆಕ್ಟರ್ ಬಿಚ್ಚಿದಾಗ ಇನ್ನೊಂದು ಕಂಡಿತು. ಬ್ಯಾಟರಿ ಕನೆಕ್ಟರಿನ ಬೆಸುಗೆ ಹತ್ರ ತಾಮ್ರಕ್ಕೆ ಹಸಿರು ಹಿಡಿದಿತ್ತು, ಸರ್ವೋ ಪ್ಲಗ್ಗಿನ ಪಿನ್ ಕಪ್ಪಾಗಿತ್ತು. ಇದು ನಮ್ಮ ಕರಾವಳಿಯವ್ರಿಗೆ ತಪ್ಪಿದ್ದಲ್ಲ, ಟ್ಯಾಗೋರ್ ಬೀಚಲ್ಲಿ ಗಾಡಿ ಓಡಿಸ್ಲೇಬೇಕು ಅಂತಿಲ್ಲ, ಕಿಟಕಿ ತೆರೆದ ಕೋಣೆಯಲ್ಲಿ ಇಟ್ರೂ ಉಪ್ಪು ಬರ್ತದೆ. ಆ ಹಸಿರು ಅಂದ್ರೆ ಕರೆಂಟಿಗೆ ತಡೆ, ತಡೆ ಅಂದ್ರೆ ಬಿಸಿ ಮತ್ತೆ ವೋಲ್ಟೇಜ್ ಕುಸಿತ. ರೇಸ್ ಮುಗಿದ ಕೂಡ್ಲೆ ಕನೆಕ್ಟರ್ ಮುಟ್ಟಿ ನೋಡಿ, ವೈರಿಗಿಂತ ಕನೆಕ್ಟರ್ ಬಿಸಿ ಇದ್ರೆ ಹೊಸದು ಬೆಸೆಯಿರಿ. ಬೀಚಲ್ಲಿ ಓಡಿಸುದಂತೂ ಬೇಡವೇ ಬೇಡ, ವಾಟರ್‌ಪ್ರೂಫ್ ಅಂತ ಬರೆದದ್ದು ಎಲೆಕ್ಟ್ರಾನಿಕ್ಸಿಗೆ, ಬೇರಿಂಗಿಗೂ ಸ್ಕ್ರೂಗೂ ಅಲ್ಲ. ಓಡಿಸಿಯೇ ಆಗಿದ್ರೆ ಸಿಹಿನೀರಲ್ಲಿ ಒರೆಸಿ, ಒಣಗಿಸಿ, ಬೇರಿಂಗ್ ಹೊರಗೆ ತೆಗ್ದು ಒಂದೊಂದು ಹನಿ ಎಣ್ಣೆ ಬಿಡಿ.

ಸಿಕ್ಕಿಕೊಳ್ಳುವ ಬೇರಿಂಗೂ ಕರೆಂಟ್ ತಿನ್ನುವ ಕಳ್ಳ. ಚಿರೆಕಲ್ಲಿನ ಕೆಂಪು ಧೂಳು ರಾಶಿ ಸಣ್ಣದು, ಸೀಲ್ ದಾಟಿ ಒಳಗೆ ಹೋಗ್ತದೆ. ಚಕ್ರವನ್ನ ಕೈಯಲ್ಲಿ ತಿರುಗಿಸಿ ಬಿಡಿ, ಸರ್ ಸರ್ ಅಂತ ಮರಳು ಅರೆದ ಶಬ್ದ ಬಂದ್ರೆ ಬದಲಾಯಿಸಿ. ಶಿರಸಿ ಕಡೆಯವ್ರಿಗೆ ಉಪ್ಪಿಲ್ಲ, ಅವ್ರಿಗೆ ಮಳೆಗಾಲದ ಬೂಸ್ಟು. ಭಾವ ಗಾಡಿಯನ್ನ ಜೂನಿಂದ ಅಡಿಕೆ ಅಟ್ಟದಲ್ಲಿ ಇಟ್ಟವ, ಹೊಗೆಗೆ ಬೆಚ್ಚಗೆ ಇರ್ತದೆ ಅಂತ. ಬೇರಿಂಗ್ ಚೆನ್ನಾಗಿಯೇ ಇತ್ತು, ಬಾಡಿಗೆ ಮಾತ್ರ ಇನ್ನೂ ಹೊಗೆ ವಾಸನೆ. ಲಿಪೊ ಪ್ಯಾಕ್ ಮಾತ್ರ ದಯವಿಟ್ಟು ಅಟ್ಟದಲ್ಲಿ ಇಡ್ಬೇಡಿ ಮಾರಾಯ್ರೆ, ಮಳೆಗಾಲಕ್ಕೆ ಸೆಲ್ಲಿಗೆ 3.8 ವೋಲ್ಟ್ ಮಾಡಿ ತಂಪು ಜಾಗದಲ್ಲಿ, ಹತ್ತಿಕೊಳ್ಳುವ ಸಾಮಾನಿಂದ ದೂರ.

ಗೇರು, ಬಿಸಿ, ಮತ್ತೆ ನಾನು ಸುಮ್ನೆ ಸಂಶಯ ಪಟ್ಟದ್ದು

ಎರಡನೇ ವಾರ ನಂಗೆ ಪಿನಿಯನ್ ಮೇಲೂ ಸಂಶಯ ಬಂದಿತ್ತು, 19 ಹಲ್ಲಿನದ್ದು ತೆಗ್ದು 23 ಹಾಕಿದ್ದೆ ಅಂತ. ಲೆಕ್ಕ ಹೀಗೆ: ಸ್ಪರ್ (ಪಿನಿಯನ್ ತಿರುಗಿಸುವ ದೊಡ್ಡ ಗೇರು) ಹಲ್ಲನ್ನ ಪಿನಿಯನ್ ಹಲ್ಲಿಂದ ಭಾಗಿಸಿ ಗೇರ್‌ಬಾಕ್ಸಿನ ಒಳಗಿನ ಅನುಪಾತದಿಂದ ಗುಣಿಸುದು. ಸ್ಲ್ಯಾಶ್ ಎರಡು ಚಕ್ರದ್ದಕ್ಕೆ ಆ ಅನುಪಾತ 2.72. ಸ್ಪರ್ 86 ಇದ್ರೆ 19ಕ್ಕೆ 12.3 ಬರ್ತದೆ, 23ಕ್ಕೆ 10.2. ಅಂದ್ರೆ ನಾಲ್ಕು ಹಲ್ಲಿಗೆ ಗಾಡಿ ಐದನೇ ಒಂದು ಪಾಲು ಉದ್ದ ಗೇರಾಯ್ತು, ಮೋಟರಿಗೆ ಅಷ್ಟೇ ಹೊರೆ. ನಮ್ಮ ಟ್ರ್ಯಾಕಿನ ಸ್ಟ್ರೇಟ್ ಉದ್ದ ಇರುದೇ ಎಂಬತ್ತು ಅಡಿ, ಅಲ್ಲಿ 23 ಹಲ್ಲಿನ ಕೊನೇ ಸ್ಪೀಡ್ ಬರುವ ಮೊದ್ಲೇ ಬ್ರೇಕ್. ಸುಮ್ನೆ ಬಿಸಿ. ವಾಪಸ್ 19 ಹಾಕಿದೆ, ಸಾವು ನಿಲ್ಲಲಿಲ್ಲ, ಆದ್ರೆ ಲ್ಯಾಪ್ ಟೈಮ್ ಒಳ್ಳೇದಾಯ್ತು, ಹಾಗಾಗಿ ಆ ಭಾನುವಾರ ಪೂರ್ತಿ ದಂಡ ಅಲ್ಲ.

ಮೋಟರ್ ಬಿಸಿ 70ರಿಂದ 80 ಡಿಗ್ರಿ ಒಳಗೆ ಇರ್ಲಿ. ಅಳೀಲಿಕ್ಕೆ ಕೊರೋನಾ ಕಾಲದ ಹಣೆಗೆ ಹಿಡಿಯುವ ಗನ್ ತರ್ಬೇಡಿ, ಅದು ಮೈ ಜ್ವರದ ಲೆಕ್ಕದ್ದು, ಮೋಟರಿಗೆ ಹಿಡಿದ್ರೆ ಬರೀ ಹೈ ಅಂತ ತೋರಿಸಿ ಸುಮ್ನಾಗ್ತದೆ, ನಾನು ಹಿಡಿದು ನೋಡಿದ್ದೇನೆ. ಬೆರಳು ಮೂರು ಸೆಕೆಂಡ್ ಇಡ್ಲಿಕ್ಕೆ ಆಗದಿದ್ರೆ ಒಂದು ಹಲ್ಲು ಕಮ್ಮಿ ಮಾಡಿ.

ಹನ್ನೊಂದು ಗಂಟೆ ಮೇಲೆ ಗಾಡಿ ಜಾರ್ತದೆ, ಕುಣೀತದೆ, ಬೆಳಿಗ್ಗೆ ಹೀಗಿರ್ಲಿಲ್ಲ ಅಂದ್ರೆ ಅದು ಎಲೆಕ್ಟ್ರಾನಿಕ್ಸ್ ಅಲ್ಲವೇ ಅಲ್ಲ. ಇಬ್ಬನಿ ಆರಿತು, ಟೈರ್ ಆ ಮಣ್ಣಿಗೆ ಸರಿ ಇಲ್ಲ, ಮತ್ತೆ ಶಾಕ್ ಎಣ್ಣೆ ಬಿಸಿಗೆ ತೆಳ್ಳಗಾಯ್ತು. ಜನವರಿಗೆ 30 ವೇಟ್ (ಎಣ್ಣೆಯ ದಪ್ಪದ ಅಳತೆ) ಸರಿ ಇದ್ದ ಗಾಡಿಗೆ ನಾನು ಏಪ್ರಿಲಲ್ಲಿ 35 ಹಾಕ್ತೇನೆ. ಟೈರಿಗೆ ದುಡ್ಡು ಹಾಕುದು ಬೇರೆ ಯಾವ ಅಪ್‌ಗ್ರೇಡಿಗಿಂತ ಮೊದ್ಲು, ಇದ್ರಲ್ಲಿ ಚರ್ಚೆ ಇಲ್ಲ, ಆದ್ರೆ ಸ್ಲ್ಯಾಶ್ ಎರಡು ಚಕ್ರದ್ದಕ್ಕೆ ಮುಂದಿನ ವೀಲಿನ ಆಫ್‌ಸೆಟ್ (ವೀಲ್ ಎಷ್ಟು ಒಳಗೆ ಹೊರಗೆ ಕೂರ್ತದೆ ಅನ್ನುವ ಅಳತೆ) ಬೇರೆ ಹಿಂದಿನದ್ದು ಬೇರೆ, ನಾಲ್ಕೂ ಒಂದೇ ತರದ್ದು ತರಿಸಿ ಕೊರಿಯರಿನವ್ನ ಹತ್ರ ಜಗಳ ಮಾಡ್ಬೇಡಿ. ಟೈರ್ ಆದ್ಮೇಲೆ ಬೇರಿಂಗು, ಎಣ್ಣೆ, ಆಮೇಲೆ ಸರ್ವೋ, ಸರ್ವೋ ಜೊತೆಗೇ ಬಿಇಸಿ. ಮೋಟರ್ ಕಡೆಗೆ. ಅಲ್ಯೂಮಿನಿಯಂ ನನ್ನ ಪಟ್ಟಿಯಲ್ಲೇ ಇಲ್ಲ ಈಗ, ಪ್ಲಾಸ್ಟಿಕ್ ಬಗ್ಗಿ ವಾಪಸ್ ಬರ್ತದೆ, ಅಲ್ಯೂಮಿನಿಯಂ ಬಗ್ಗಿದ್ರೆ ಬಗ್ಗಿಯೇ ಇರ್ತದೆ, ಅದ್ರ ಪಕ್ಕದ ಪಾರ್ಟನ್ನ ಮುರಿದು ಹಾಕ್ತದೆ. ಒಂದು ವಾರಕ್ಕೆ ಒಂದೇ ಪಾರ್ಟ್ ಬದಲಾಯಿಸಿ ಒಂದು ಹೀಟ್ ಓಡಿಸಿ ನೋಡುದು ಅಂತ ಈಗ ನಿಯಮ ಮಾಡ್ಕೊಂಡಿದ್ದೇನೆ, ಮೂರು ಪಾರ್ಸೆಲ್ ಒಟ್ಟಿಗೆ ಬಂದ ದಿನ ಅದನ್ನ ಪಾಲಿಸುದು ಕಷ್ಟವೇ.

ಈಗ ನನ್ನ ಗಾಡಿಯ ಇಪಿಎ ಎಡಕ್ಕೆ 84, ಬಲಕ್ಕೆ 91. ಕೆಂಪು ಬ್ಲಾಕ್ ಎರಡೂ ಬಿಚ್ಚಿ ಟಿವಿ ಸ್ಟ್ಯಾಂಡ್ ಮೇಲೆ ಇಟ್ಟಿದ್ದೇನೆ, ಪ್ಲಾಸ್ಟಿಕ್ ಬಂದ ಮೇಲೆ ಆ ನಂಬರ್ ಮತ್ತೆ ಹೊಸದಾಗಿ ಸೆಟ್ ಮಾಡಿದ್ದು. ಪೆನ್‌ಸೆಲ್ ಡಬ್ಬಿ ನನ್ನ ಹತ್ರ ಇಲ್ಲ, ಭಾವ ತಗೊಂಡು ಹೋಗಿದ್ದಾನೆ, ಅವನ ನಾಲ್ಕು ಚಕ್ರದ್ದು ಹೋದ ಭಾನುವಾರ ಸ್ಟ್ರೇಟಲ್ಲಿ ಒಂದ್ಸಲ ನಿಂತಿತಂತೆ. ಸ್ಟೇರಿಂಗ್ ಇತ್ತಾ ಅಂತ ಕೇಳಿದೆ. "ನೋಡಿದ್ನಿಲ್ಲೆ ಮಾರಾಯ" ಅಂದ.